ಕರಗಿದ ಹೆಪ್ಪು

ನನ್ನ ಅಣ್ಣನ ಮೊಮ್ಮಗಳು ಈ ವರ್ಷ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೇರಿದ್ದಾಳೆ. ಮೊನ್ನೆ ಮತ್ತಿಕೆರೆಯ ನಮ್ಮ ಮನೆಗೆ ಬಂದವಳು, "ಅಜ್ಜಿ, ನಿಮ್ ಕಾಲದಲ್ಲಿ ಮಷೀನೇ ಇರ್ಲಿಲ್ವಂತೆ, ಎಲ್ಲಾ ಹೆಂಗ್ ಮಾಡ್ತಿದ್ರಿ?" ಎಂದು ಕೇಳಿದಳು. ಬಾಯಲ್ಲಿ ಮಾಡ್ತಿದ್ವಿ ಎಂದೆ. ಅವಳು ನಕ್ಕಳು. ನಾನು ತಮಾಷೆಗೆ ಹೇಳಿದ್ದಲ್ಲ. ಗಾಜಿನ ಪಿಪೆಟ್ಟಿನ ಒಂದು ತುದಿಯನ್ನು ತುಟಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ರೋಗಾಣು ಬೆಳೆದ ದ್ರವದಲ್ಲಿ ಅದ್ದಿ, ಎಳನೀರು ಹೀರುವ ಹಾಗೆ ಹೀರುತ್ತಿದ್ದೆವು. ಗೆರೆಗೆ ಬಂದ ಕೂಡಲೇ ನಾಲಿಗೆಯ ತುದಿಯಿಂದ ತಡೆಯಬೇಕು. ಒಮ್ಮೆ ಗೆರೆ ದಾಟಿ ಟೈಫಾಯ್ಡಿನ ದ್ರವ ನನ್ನ ನಾಲಿಗೆಯ ಮೇಲೇ ಬಂದು ಕೂತಿತು. ನಮ್ಮ ಮುಖ್ಯಸ್ಥರು ತಲೆಯೆತ್ತದೆ, "ಬಾಯಿ ಮುಕ್ಕಳಿಸ್ಕೊಂಡ್ ಬನ್ರೀ, ಇನ್ನೂ ಪ್ಲೇಟ್‌ಗಳು ಬಾಕಿ ಇವೆ" ಎಂದರು. ಮುಕ್ಕಳಿಸಿ ಬಂದು ಕೆಲಸ ಮುಂದುವರಿಸಿದೆ. ಪುಣ್ಯಕ್ಕೆ ಏನೂ ಆಗಲಿಲ್ಲ.

ಅವಳಿಗೂ ಅವಳ ವಾರಗೆಯವರಿಗೂ ಕೆಲವು ಸಂಗತಿ ಹೇಳಬೇಕು ಎನಿಸಿತು. ಬಡ್ತಿ, ಶಾಲು, ಬೀಳ್ಕೊಡುಗೆಯ ಭಾಷಣ ಇವೆಲ್ಲ ಎಲ್ಲರಿಗೂ ಆಗುವಂಥವು, ಅವುಗಳಿಂದ ಯಾರೂ ಏನೂ ಕಲಿಯುವುದಿಲ್ಲ. ನನ್ನನ್ನು ಹೆದರಿಸಿದ್ದನ್ನು ಹೇಳುತ್ತೇನೆ. ನಾನು ದೆವ್ವ ಭೂತ ನಂಬುವವಳಲ್ಲ. ಸಂಜೆ ಹೊತ್ತು ಸ್ಮಶಾನದ ಪಕ್ಕ ಒಬ್ಬಳೇ ನಡೆದು ಬಸ್ ಹಿಡಿದವಳು. ಆದರೂ ಆ ಲ್ಯಾಬಿನಲ್ಲಿ ಹಾಡಹಗಲೇ ನನ್ನ ಕೈ ತಣ್ಣಗಾದದ್ದುಂಟು.

ಹೆಬ್ಬಾಳ ದಾಟಿ ಯಲಹಂಕದ ಕಡೆ ಹೋಗುವ ರಸ್ತೆಯಲ್ಲಿ, ದ್ರಾಕ್ಷಿ ತೋಟಗಳ ನಡುವೆ, ಒಂದು ಧರ್ಮಾಸ್ಪತ್ರೆ ಇತ್ತು. ಹೆಸರು ಬೇಡ, ಈಗ ಆ ಜಾಗದಲ್ಲಿ ಬೇರೇನೋ ಇದೆ. ಎಪ್ಪತ್ತರ ದಶಕದ ಮೊದಲಲ್ಲಿ ನಾನು ಸೇರಿದಾಗ ಲ್ಯಾಬಿನಲ್ಲಿ ಇದ್ದವರು ಮೂರೇ ಜನ. ಮುಖ್ಯಸ್ಥರಾದ ಡಾಕ್ಟರ್ ವಾಮನಮೂರ್ತಿ, ನಾನು, ಮತ್ತು ಅಟೆಂಡರ್ ನಂಜಪ್ಪ. ವಾಮನಮೂರ್ತಿಯವರದು ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಬೈಯುವಾಗಲೂ ಬಹುವಚನ ಬಿಡುತ್ತಿರಲಿಲ್ಲ. ನಂಜಪ್ಪ ಬಾಗಲಗುಂಟೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ, ಹಿತ್ತಲಿನಲ್ಲಿ ಲ್ಯಾಬಿನ ಮೊಲಗಳನ್ನು ಸಾಕುತ್ತಿದ್ದ, ಒಂದೊಂದಕ್ಕೂ ಹೆಸರಿಟ್ಟಿದ್ದ. ಮೊಲ ಯಾಕೆ ಎಂಬುದು ಮುಂದೆ ಗೊತ್ತಾಗುತ್ತದೆ.

ಮೊದಲ ಭಯ ಒಂದು ವಾಸನೆಯಿಂದ ಬಂತು. ಒಂದು ಮಳೆಗಾಲ ಲ್ಯಾಬಿನ ಬಾಗಿಲು ತೆರೆದರೆ ಕಳಿತ ದ್ರಾಕ್ಷಿಯ ವಾಸನೆ. ಸುತ್ತ ತೋಟಗಳಿದ್ದವು, ನಾವು ತಲೆ ಕೆಡಿಸಿಕೊಳ್ಳಲಿಲ್ಲ. ವಾಮನಮೂರ್ತಿ ಮಾತ್ರ, "ಲ್ಯಾಬಲ್ಲಿ ಹಣ್ಣು ತಿಂತಿರೋರು ಯಾರು?" ಎಂದು ನಂಜಪ್ಪನನ್ನು ಗದರಿದರು. "ಅಯ್ಯೋ ಸಾ, ತೋಟದಾಗೇ ಅಣ್ಣಿಲ್ಲ ಈಗ" ಎಂದ ಅವನು. ಹೊರಗೆ ಹೋಗಿ ನೋಡಿದೆ. ಬಳ್ಳಿಗಳನ್ನು ಸವರಿಬಿಟ್ಟಿದ್ದರು, ಒಂದು ಗೊಂಚಲೂ ಇರಲಿಲ್ಲ. ವಾಸನೆ ಮಾತ್ರ ಒಳಗೆ ದಿನೇ ದಿನೇ ಸಿಹಿಯಾಗುತ್ತಿತ್ತು. ಅದೇ ದಿನಗಳಲ್ಲಿ ಯಾರ ಮೂತ್ರ ಪರೀಕ್ಷೆ ಮಾಡಿದರೂ ರೋಗಾಣು ಬೆಳೆಸುವ ಪ್ಲೇಟಿನ ಮೇಲೆ ಅದೇ ಹಸಿರು ರೋಗಾಣು. ಇಡೀ ವಾರ್ಡಿಗೆ ಒಂದೇ ರೋಗವೇ?

ಕೊನೆಗೆ ಸಿಕ್ಕಿದ್ದು ಎಲ್ಲ ಪರೀಕ್ಷೆಗೂ ಬಳಸುತ್ತಿದ್ದ ಭಟ್ಟಿ ಇಳಿಸಿದ ನೀರಿನ ಡಬ್ಬಕ್ಕೆ ಸಿಕ್ಕಿಸಿದ್ದ ರಬ್ಬರ್ ಕೊಳವೆಯಲ್ಲಿ. ಹೊರಗಿನಿಂದ ತೊಳೆದಿಟ್ಟಂತಿತ್ತು, ಬರುವ ನೀರು ಸ್ಫಟಿಕದ ಹಾಗೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಒಳಗೋಡೆಗೆ ಉದ್ದಕ್ಕೂ ಲೋಳೆ ಅಂಟಿತ್ತು. ದ್ರಾಕ್ಷಿಯ ವಾಸನೆ ಮುಖಕ್ಕೆ ರಾಚಿತು. ಆ ರೋಗಾಣು ಬೆಳೆದಲ್ಲಿ ಆ ವಾಸನೆ ಬರುತ್ತದೆಂದು ಪುಸ್ತಕದಲ್ಲಿ ಓದಿದ್ದೆ, ಮೂಗಿಗೆ ಬಿದ್ದಿರಲಿಲ್ಲ ಅಷ್ಟೆ. ನೀರಿನಲ್ಲಿ ಬಿಡಿಬಿಡಿಯಾಗಿ ತೇಲುವ ಜೀವಿಗಳು ಗೋಡೆ ಸಿಕ್ಕಿದರೆ ಅಂಟಿಕೊಂಡು, ಮೇಲೆ ಲೋಳೆ ಹೊದ್ದು, ಊರು ಕಟ್ಟಿಕೊಂಡು ಬಾಳುತ್ತವೆ ಎಂದು ಆವತ್ತು ಕಣ್ಣಾರೆ ಕಂಡೆ. ಈಗಿನವರು ಅದನ್ನು ಬಯೋಫಿಲ್ಮ್ ಎನ್ನುತ್ತಾರೆ. ನಾವು ಲೋಳೆ ಎಂದೆವು, ಕೊಳವೆ ಬಿಸಾಕಿದೆವು, ಮರೆತೆವು.

ಇನ್ನು ಮೊಲದ ವಿಷಯ. ಕೀವಿನಲ್ಲಿ ಸಾಮಾನ್ಯವಾಗಿ ಕಾಣುವ, ದ್ರಾಕ್ಷಿ ಗೊಂಚಲಿನಂತೆ ಗುಂಪಾಗಿರುವ ಒಂದು ಜಾತಿಯ ರೋಗಾಣು ಇದೆ, ಸ್ಟ್ಯಾಫಿಲೋಕಾಕಸ್. ಅದರಲ್ಲಿ ಒಂದು ಬಗೆ ಎಲ್ಲರ ಚರ್ಮದ ಮೇಲೂ ಸುಮ್ಮನೆ ಬಿದ್ದಿರುತ್ತದೆ. ಇನ್ನೊಂದು ಮನುಷ್ಯನನ್ನು ಕೊಲ್ಲಬಲ್ಲುದು. ಎರಡನ್ನೂ ಬೇರೆ ಮಾಡುವುದು ಒಂದು ಕಿಣ್ವದ ಮೇಲೆ. ಕೊಲ್ಲುವ ಬಗೆ ರಕ್ತದ ತಿಳಿಯನ್ನು ಹೆಪ್ಪುಗಟ್ಟಿಸುವ ಕಿಣ್ವವನ್ನು ಉಗುಳುತ್ತದೆ, ಸಾಧು ಬಗೆ ಉಗುಳುವುದಿಲ್ಲ. ಮೊಲದ ರಕ್ತದ ತಿಳಿಯನ್ನು ಗಾಜಿನ ನಳಿಕೆಗೆ ಹಾಕಿ, ರೋಗಾಣು ಬೆರೆಸಿ, ಮೈ ಬಿಸಿಯಷ್ಟು ಕಾವಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದೆವು. ಗಟ್ಟಿಯಾದರೆ ದುಷ್ಟ, ನೀರಾಗಿಯೇ ಉಳಿದರೆ ಸಾಧು. ಪರೀಕ್ಷೆಗೆ ಉದ್ದದ ಇಂಗ್ಲಿಷ್ ಹೆಸರಿತ್ತು. ನಮ್ಮ ಲ್ಯಾಬಿನಲ್ಲಿ ಅದನ್ನು ಯಾರೂ ಹೇಳುತ್ತಿರಲಿಲ್ಲ. ನನಗಿಂತ ಹಿಂದಿದ್ದವರು ಇಟ್ಟ ಹೆಸರು 'ಹೆಪ್ಪು ಹಾಕೋದು'. ವಾಮನಮೂರ್ತಿಯವರು ಕೂಡ ಕೋಟು ಕಳಚುತ್ತಾ, "ಏನ್ರೀ ಸರೋಜಾ, ಹೆಪ್ಪು ಹಾಕಿದ್ರಾ?" ಎಂದೇ ಕೇಳುತ್ತಿದ್ದರು.

ಆ ಮಾತಿನ ಹಿಂದೆ ನಮ್ಮ ಕೈಗಳೂ ಹೋದವು. ಮನೆಯಲ್ಲಿ ಹೆಪ್ಪು ಹಾಕುವುದು ಯಾವಾಗ? ದಿನದ ಕೆಲಸವೆಲ್ಲ ಮುಗಿದ ಮೇಲೆ. ತಟ್ಟೆ ಮುಚ್ಚಿಟ್ಟರೆ ಮತ್ತೆ ತೆಗೆಯುವುದು ಬೆಳಿಗ್ಗೆ. ನಡುವೆ ಅಲುಗಾಡಿಸಿದರೆ ಅಮ್ಮ ಕೈಗೆ ಕೊಡುತ್ತಿದ್ದಳು ಒಂದೇಟು. ಲ್ಯಾಬಿನಲ್ಲೂ ಹಾಗೆಯೇ. ಸಂಜೆ ಮನೆಗೆ ಹೊರಡುವ ಮುಂಚೆ ನಳಿಕೆಗಳನ್ನು ಇಟ್ಟು ಪೆಟ್ಟಿಗೆ ಮುಚ್ಚುವುದು, ಬೆಳಿಗ್ಗೆ ಬಂದು ಓರೆ ಮಾಡಿ ನೋಡುವುದು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಯಾಕೆ ಎಂದು ಯಾರೂ ಕೇಳಲೂ ಇಲ್ಲ.

ರತ್ನಮ್ಮ ಬಂದದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಬಾಗಲೂರಿನ ಕಡೆಯ ಒಕ್ಕಲು ಮನೆಯ ಸೊಸೆ, ಹೆಣ್ಣು ಮಗುವೊಂದರ ತಾಯಿ. ಟ್ರಾಕ್ಟರ್ ಟ್ರೇಲರಿನಿಂದ ಬಿದ್ದು ಮೊಣಕಾಲ ಕೆಳಗೆ ಮೂಳೆ ಮುರಿದಿತ್ತು. ನಮ್ಮ ಮೂಳೆ ಡಾಕ್ಟರು ಉಕ್ಕಿನ ಪಟ್ಟಿ ಇಟ್ಟು ಸ್ಕ್ರೂ ಹಾಕಿ ಕೂಡಿಸಿದ್ದರು. ಗಾಯ ಮಾಯಿತು. ಕೆಲವು ತಿಂಗಳ ಮೇಲೆ ಗಾಯದ ಗೆರೆಯಲ್ಲಿ ಸಣ್ಣ ಕಣ್ಣೊಂದು ತೆರೆದು ಕೀವು ಸೋರಿತು. ಮಾತ್ರೆ ಕೊಟ್ಟರೆ ಮುಚ್ಚುತ್ತಿತ್ತು, ನಿಲ್ಲಿಸಿದರೆ ತೆರೆಯುತ್ತಿತ್ತು. ಪ್ರತಿ ಸಲವೂ ಕೀವು ನಮ್ಮಲ್ಲಿಗೆ ಬರುತ್ತಿತ್ತು. ಪ್ಲೇಟಿನ ಮೇಲೆ ಬಿಳಿಯ ಗುಂಡು ಚುಕ್ಕೆಗಳು. ಸಂಜೆ ಹೆಪ್ಪು ಹಾಕಿದರೆ ಬೆಳಿಗ್ಗೆ ನೀರು. 'ಚರ್ಮದ ಸಾಮಾನ್ಯ ಜೀವಿ, ರೋಗಕಾರಕ ಇಲ್ಲ' ಎಂದು ನಾನು ಬರೆಯುತ್ತಿದ್ದೆ, ವಾಮನಮೂರ್ತಿ ಸಹಿ ಹಾಕುತ್ತಿದ್ದರು.

ಒಂದು ದಿನ ಅವಳೇ ಊರುಗೋಲಿನಲ್ಲಿ ಕುಂಟುತ್ತಾ ಲ್ಯಾಬಿನ ಕಿಟಕಿಗೆ ಬಂದಳು.

"ಏನ್ ಬಂದೈತೆ ಅಕ್ಕಾ?"

"ಏನೂ ಇಲ್ಲಮ್ಮ, ಎಲ್ಲಾ ಸರಿಯಾಗಿದೆ" ಎಂದೆ. ಒಳ್ಳೆಯ ಸುದ್ದಿ ಕೊಡುವ ಉತ್ಸಾಹದಲ್ಲಿ ನಕ್ಕೂ ಇದ್ದೆ.

ಅವಳಿಗೆ ಅಳುವೇ ಬಂತು. ಕಿಟಕಿಯ ಕಂಬಿ ಹಿಡಿದುಕೊಂಡು, "ಇನ್ನೊಂದ್ ಕಿತ ನೋಡಕ್ಕಾ. ಏನಾದ್ರೂ ಇರ್ಬೇಕು" ಎಂದಳು.

ರೋಗ ಇಲ್ಲ ಎಂದರೆ ಅಳುವವರನ್ನು ನಾನು ಆವರೆಗೆ ಕಂಡಿರಲಿಲ್ಲ. ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದೆ. ನಂಜಪ್ಪ ಟೀ ತಂದುಕೊಟ್ಟ.

"ಆಸ್ಪತ್ರೇಲೇ ಏನೂ ಇಲ್ಲ ಅಂದವ್ರೆ, ಅಂಗಾದ್ರೆ ಇದು ಗಾಳೀನೇ ಅಂತಾರೆ ನಮ್ಮತ್ತೆ. ಬಿದ್ದ ಜಾಗದಾಗೆ ಏನೋ ಸೋಕ್ಕಂಡೈತಂತೆ. ಅಡುಗೆ ಮನೆಗೆ ಬುಡಾಕಿಲ್ಲ. ಮಗೀನ ಮುಟ್ಟಂಗಿಲ್ಲ. ತೌರಿಗೆ ಕಳ್ಸವ್ರೆ ಅಕ್ಕಾ, ಮಗೀನ ಮಡಿಕ್ಕಂಡು ನನ್ನೊಬ್ಳೇನೇ." ಟೀ ಲೋಟ ಕೆಳಗಿಟ್ಟಳು. "ಒಂದೊಂದ್ ಕಿತ ನಂಗೂ ಅಂಗೇ ಅನ್ನಿಸ್ತದೆ. ಮಾತ್ರೆ ನುಂಗಿದ್ರೆ ಒಳಿಕ್ಕೆ ಸರ್ಕತ್ತದೆ. ನಿಲ್ಸಿದ್ರೆ ಈಚಿಗ್ ಬತ್ತದೆ. ನಾನೇನ್ ಮಾಡ್ತೀನಿ ಅಂತ ನೋಡ್ಕಂಡೇ ಕುಂತಂಗೆ."

ಮೂಳೆ ಡಾಕ್ಟರನ್ನು ಕೇಳಿದರೆ ಅವರದು ಬೇರೆ ಚಿಂತೆ. ಎಕ್ಸ್‌ರೇಯಲ್ಲಿ ಮೂಳೆ ತಿಂದುಹೋದಂತೆ ಕಾಣುತ್ತಿದೆ, ರೋಗಾಣುವಂತೂ ಇಲ್ಲ ಎಂದು ನೀವೇ ಹೇಳುತ್ತೀರಿ, ಮೂಳೆಯೇ ಸಾಯುತ್ತಿರಬೇಕು, ಇನ್ನೊಂದು ಸಲ ಗಾಯ ಬಾಯಿ ತೆರೆದರೆ ಮೊಣಕಾಲ ಕೆಳಗೆ ತೆಗೆದುಬಿಡುವುದೇ ಮೇಲು ಎಂದರು. ಅವಳ ಕಾಲೂ ಮಗುವೂ ಎರಡೂ ನಮ್ಮ ಕಾಗದದ ಮೇಲಿನ 'ಇಲ್ಲ' ಎಂಬ ಪದಕ್ಕೆ ಜೋತುಬಿದ್ದಿವೆ ಎಂದು ಆಗ ನನಗೆ ತಿಳಿಯಿತು.

ಅವಳ ಮುಂದಿನ ಕೀವು ಬಂದ ವಾರ, ಸಂಜೆ ಕರೆಂಟು ತೆಗೆಯುತ್ತೇವೆಂದು ಮೊದಲೇ ತಿಳಿಸಿದ್ದರು. ಕಾವಿನ ಪೆಟ್ಟಿಗೆ ತಣ್ಣಗಾದರೆ ಪರೀಕ್ಷೆ ಕೆಡುತ್ತದೆ. ಹಾಗಾಗಿ ಬೆಳಿಗ್ಗೆಯೇ ಹೆಪ್ಪು ಹಾಕಿದೆ. ಊಟದ ಹೊತ್ತಿಗೆ ಪೆಟ್ಟಿಗೆಯಿಂದ ಬೇರೇನನ್ನೋ ತೆಗೆಯಲು ಹೋದ ನಂಜಪ್ಪ, "ಅಮ್ಮಾ, ಬಾಗ್ಲೂರಮ್ಮಂದು ಹೆಪ್ಪಾಗೈತೆ" ಎಂದು ಕೂಗಿದ. ಓಡಿದೆ. ನಳಿಕೆಯನ್ನು ಓರೆ ಮಾಡಿದೆ, ತಲೆಕೆಳಗು ಮಾಡಿದೆ. ಗಟ್ಟಿ ಹೆಪ್ಪು, ಒಂದು ಹನಿಯೂ ಜಾರಲಿಲ್ಲ. ಸದ್ಯ ಎಂದುಕೊಂಡೆ. ರಿಪೋರ್ಟು ಬರೆಯುವುದು ಬೆಳಗಿನ ಕೆಲಸವಾದ್ದರಿಂದ ನಳಿಕೆಯನ್ನು ಹಾಗೆಯೇ ಒಳಗಿಟ್ಟು ಮನೆಗೆ ಹೋದೆ.

ಬೆಳಿಗ್ಗೆ ತೆಗೆದರೆ ನೀರು.

ಹತ್ತಿಯ ಮುಚ್ಚಳ ಅಲುಗಿರಲಿಲ್ಲ. ನನ್ನ ಕೈಬರಹದ ಚೀಟಿ ಹಾಗೆಯೇ ಇತ್ತು. ವಾಮನಮೂರ್ತಿ, "ನೀವು ಬೇರೆ ಟ್ಯೂಬ್ ನೋಡಿರ್ಬೇಕು ಕಣ್ರೀ. ಹೆಪ್ಪು ಅನ್ನೋದು ಒಮ್ಮೆ ಆದ್ರೆ ಆಯ್ತು. ಮೊಸರು ಎಲ್ಲಾದ್ರೂ ವಾಪಸ್ ಹಾಲಾಗುತ್ತಾ?" ಎಂದರು. ನಂಜಪ್ಪನೂ ನೋಡಿದ್ದಾನೆ ಎಂದೆ. ನಂಜಪ್ಪ ಮೆಲ್ಲಗೆ ಜಾರಿಕೊಂಡ. ಸ್ವಲ್ಪ ಹೊತ್ತಿಗೆ ನೋಡಿದರೆ ಕಾವಿನ ಪೆಟ್ಟಿಗೆಯ ಹಿಡಿಗೆ ನಿಂಬೆಹಣ್ಣು ಕಟ್ಟಿದ್ದ. ಆ ಕೋಣೆ ಆಸ್ಪತ್ರೆ ಶುರುವಾದಾಗ ಹೆಣ ಇಡುವ ಕೋಣೆಯಾಗಿತ್ತು ಎಂದು ಅವತ್ತೇ ಹೇಳಿದ್ದು, ಅಷ್ಟು ವರ್ಷ ನನಗೆ ಹೇಳಿರಲಿಲ್ಲ.

ವಾಮನಮೂರ್ತಿ ನಿಂಬೆಹಣ್ಣು ನೋಡಿ ಕೆಂಡಾಮಂಡಲವಾದರು. ಇನ್ನೊಮ್ಮೆ ಹಾಕಿ, ಪೆಟ್ಟಿಗೆಗೆ ಬೀಗ ಜಡಿದು ಕೀಲಿ ನಾನೇ ಇಟ್ಟುಕೊಳ್ಳುತ್ತೇನೆ ಎಂದರು. ಮತ್ತೆ ಬೆಳಿಗ್ಗೆ ಹಾಕಿದೆವು. ಮಧ್ಯಾಹ್ನ ಅವರೇ ಬೀಗ ತೆಗೆದು, ತಲೆಕೆಳಗು ಮಾಡಿ, ಗಟ್ಟಿಯಾಗಿರುವುದನ್ನು ನೋಡಿ ಮತ್ತೆ ಬೀಗ ಹಾಕಿದರು. ಮರುದಿನ ಕೀಲಿ ಅವರ ಜೇಬಿನಿಂದಲೇ ಬಂತು. ಒಳಗೆ ನೀರು. ಆ ಕ್ಷಣ ಅವರ ಮುಖ ನೋಡಿ ನನಗೆ ನಿಜವಾಗಿ ಭಯವಾಯಿತು. ಬೈಯದ ವಾಮನಮೂರ್ತಿಯನ್ನು ನಾನು ಅದೇ ಮೊದಲು ನೋಡಿದ್ದು.

"ಕಣ್ಣೆದುರಿಗೆ ಕರಗಲಿ, ನೋಡೋಣ" ಎಂದರು.

ಮರುದಿನ ಮೊದಲ ಬಸ್ಸಿಗೇ ಬಂದೆ. ಹೆಪ್ಪು ಹಾಕಿ, ಪೆಟ್ಟಿಗೆಯ ಒಳಬಾಗಿಲಿನ ಗಾಜಿನ ಮುಂದೆ ಮೂವರೂ ಸರದಿಯಲ್ಲಿ ಕೂತೆವು. ಬಿಸಿಲೇರುವ ಮುಂಚೆಯೇ ಗಟ್ಟಿಯಾಯಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಹೊರಗೆ ವಾರ್ಡಿನ ಗಲಾಟೆ, ರಸ್ತೆಯಲ್ಲಿ ಲಾರಿಗಳು. ಮಧ್ಯಾಹ್ನ ಇಳಿಯುತ್ತಿದ್ದಾಗ ಹೆಪ್ಪಿನ ಅಂಚು ಗಾಜಿನಿಂದ ಸ್ವಲ್ಪ ಬಿಟ್ಟುಕೊಂಡಂತೆ ಕಂಡಿತು. ನಡುವೆ ಬೆವರಿನಂತೆ ತೇವ. ಸಂಜೆಯ ಬಿಸಿಲು ಕಿಟಕಿಗೆ ಬರುವಾಗ ಓರೆ ಮಾಡಿದರೆ ಇಡೀ ಹೆಪ್ಪು ಸಣ್ಣಗೆ ಕುಸಿದು ಪಕ್ಕಕ್ಕೆ ವಾಲಿತು, ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ. ನಂಜಪ್ಪ ಎದ್ದು ಹೊರಗೆ ಹೋದ. ನಾನು ಹೋಗಲಿಲ್ಲ, ಹೋಗಬೇಕೆನಿಸಿತು. ಮುಚ್ಚಿದ ನಳಿಕೆಯೊಳಗೆ, ಕಟ್ಟಿದ್ದನ್ನು ಕಟ್ಟಿದವರೇ ಬಿಚ್ಚುತ್ತಿದ್ದರು. ನಾವು ಹೊರಡುವ ಹೊತ್ತಿಗೆ ತಳದಲ್ಲಿ ನಾಲ್ಕು ಎಳೆ ಉಳಿದಿತ್ತು.

ವಾಮನಮೂರ್ತಿ ಕಪಾಟಿನಿಂದ ದಪ್ಪ ಪುಸ್ತಕ ತೆಗೆದರು. ಅದರಲ್ಲಿ ಸ್ಪಷ್ಟವಾಗಿಯೇ ಇತ್ತು. ಕೆಲವು ದುಷ್ಟ ಬಗೆಗಳು ಎರಡನೆಯ ಕಿಣ್ವವನ್ನೂ ಉಗುಳುತ್ತವೆ, ಅದು ಹೆಪ್ಪನ್ನು ಕರಗಿಸುತ್ತದೆ, ಆದ್ದರಿಂದ ಮೊದಲ ಕೆಲವು ಗಂಟೆಗಳಲ್ಲಿ ಆಗಾಗ ನೋಡಬೇಕು, ಇಡೀ ರಾತ್ರಿ ಬಿಟ್ಟು ನೋಡಿದರೆ ಮೋಸಹೋಗಬಹುದು. ಅವರೂ ಓದಿದ್ದರು, ನಾನೂ ಓದಿ ಪಾಸಾಗಿದ್ದೆ. ಕೆಲಸಕ್ಕೆ ಸೇರಿದ ದಿನ ಹೆಪ್ಪು ಎಂಬ ಪದ ಕಿವಿಗೆ ಬಿತ್ತು, ಓದಿದ್ದು ಅಲ್ಲಿಗೆ ಮುಗಿಯಿತು. ಅವರು ಪುಸ್ತಕ ಮುಚ್ಚಿದರು.

"ಇಷ್ಟು ವರ್ಷದಲ್ಲಿ ಎಷ್ಟು ಜನರಿಗೆ ಇಲ್ಲ ಅಂದಿದೀವೋ ಸರೋಜಾ?" ಎಂದರು.

ಮನೆಗೆ ಹೋಗುವ ಬಸ್ಸಿನಲ್ಲಿ ಎದುರು ಕೂತವರ ಕಾಲುಗಳನ್ನೇ ನೋಡುತ್ತಿದ್ದೆ. ಮಕ್ಕಳೇ, ನಿಮ್ಮ ಲ್ಯಾಬಿನಲ್ಲಿ ಪರೀಕ್ಷೆಗೆ ಮುದ್ದಾದ ಅಡ್ಡಹೆಸರು ಇದ್ದರೆ, ಅದು ನಿಮ್ಮ ಕೈಯಿಂದ ಏನು ಮಾಡಿಸುತ್ತಿದೆ ಎಂದು ಒಮ್ಮೆ ನೋಡಿಕೊಳ್ಳಿ.

ಮರುದಿನ ವಾಮನಮೂರ್ತಿಯವರೇ ಮೂಳೆ ಡಾಕ್ಟರ ಕೋಣೆಗೆ ಹೋಗಿ ಹೇಳಿದರು. "ನಮ್ಮ ರಿಪೋರ್ಟ್ ತಪ್ಪು. ಕಾಲು ತೆಗೀಬೇಡಿ, ಒಳಗಿರೋ ಉಕ್ಕಿನ ಪಟ್ಟಿ ತೆಗೀರಿ. ರೋಗಾಣು ಅಲ್ಲೇ ಕೂತಿದೆ." ಇಂಥ ರೋಗಾಣು ಉಕ್ಕಿಗೆ ಅಂಟಿಕೊಂಡು, ಮೊದಲ ಕಿಣ್ವದಿಂದ ನಮ್ಮದೇ ರಕ್ತವನ್ನು ಬಲೆಯಾಗಿ ಹೆಣೆದು ಸುತ್ತ ಗೋಡೆ ಕಟ್ಟುತ್ತದೆ. ಔಷಧ ಹೊರಗಿನವನ್ನು ಕೊಲ್ಲುತ್ತದೆ, ಒಳಗಿನವು ತೂಕಡಿಸುತ್ತಾ ಉಳಿಯುತ್ತವೆ. ಎರಡನೆಯ ಕಿಣ್ವ ಬಲೆಯನ್ನು ಕತ್ತರಿಸಿ ದಾರಿ ಮಾಡಿಕೊಟ್ಟಾಗ ಈಚೆ ಬರುತ್ತವೆ. ಇಷ್ಟು ಬಿಡಿಸಿ ಹೇಳಲು ಆಗ ನಮಗೆ ಬರುತ್ತಿರಲಿಲ್ಲ, ಮುಂದೆ ಬಂದವರು ಓದಿ ಹೇಳಿದ್ದು. ಆವತ್ತು ವಾಮನಮೂರ್ತಿಯವರಿಗೆ ನೆನಪಾದದ್ದು ಸೀಳಿದ ರಬ್ಬರ್ ಕೊಳವೆ ಎಂದು ಆಮೇಲೆ ನನಗೆ ಹೇಳಿದರು.

ಆಪರೇಷನ್ ಆಯಿತು. ಪಟ್ಟಿ ತೆಗೆದು, ಕೊಳೆತ ಮೂಳೆ ಕೆರೆದು, ಕಾಲಿಗೆ ಪ್ಲಾಸ್ಟರ್ ಹಾಕಿ, ತಕ್ಕ ಔಷಧವನ್ನು ಬಹಳ ದಿನ ಸೂಜಿಯಲ್ಲಿ ಕೊಟ್ಟರು. ಪಟ್ಟಿ ಟ್ರೇಯಲ್ಲಿ ಲ್ಯಾಬಿಗೆ ಬಂತು. ಥಳಥಳ ಹೊಳೆಯುತ್ತಿತ್ತು. ಸಾಕಷ್ಟು ಕೆರೆದು ಬೆಳೆಸಲು ಇಟ್ಟುಕೊಂಡ ಮೇಲೆ ಪಟ್ಟಿಯನ್ನು ಉಪ್ಪುನೀರಿನಲ್ಲಿ ಮತ್ತೆ ಮತ್ತೆ ಜಾಲಿಸಿದೆ. ಆಮೇಲೂ ಹೊಳೆಯುತ್ತಲೇ ಇತ್ತು. ಸ್ಲೈಡುಗಳಿಗೆ ಹಾಕುವ ಕೆಂಪು ಬಣ್ಣದಲ್ಲಿ ಅದ್ದಿ ನೋಡೋಣ ಎಂದರು ವಾಮನಮೂರ್ತಿ. ಜೊತೆಗೆ ಬಳಸದ ಹೊಸ ಪಟ್ಟಿಯನ್ನೂ ಅದ್ದಿದೆವು. ನಲ್ಲಿಯ ಕೆಳಗೆ ಹಿಡಿದಾಗ ಹೊಸದರಿಂದ ಬಣ್ಣ ಹರಿದುಹೋಯಿತು. ರತ್ನಮ್ಮನದರಿಂದ ಹೋಗಲಿಲ್ಲ. ಸ್ಕ್ರೂ ತೂತುಗಳ ಸುತ್ತ, ಮೂಳೆಗೆ ತಾಗಿದ ಬದಿಯ ಉದ್ದಕ್ಕೂ, ಕಣ್ಣಿಗೆ ಕಾಣದೆ ಇದ್ದ ಲೋಳೆ ಕೆಂಪಾಗಿ ಎದ್ದು ನಿಂತಿತು. ನನ್ನ ಕೈ ತಣ್ಣಗಾದದ್ದು ಆಗಲೇ.

ರತ್ನಮ್ಮನಿಗೆ ತೋರಿಸಿದೆ. ಅವಳು ದಿಂಬಿಗೆ ಒರಗಿ ಅದನ್ನೇ ನೋಡಿದಳು, ಮುಟ್ಟಲಿಲ್ಲ. "ನಮ್ಮತ್ತೇಗೆ ತೋರ್ಸಿ ಅಕ್ಕಾ" ಎಂದಳು.

ಅವಳನ್ನು ಮನೆಗೆ ಕಳಿಸುವ ದಿನ ಗಂಡನ ಜೊತೆ ಅತ್ತೆಯೂ ಬಂದರು. ಗಟ್ಟಿ ಹೆಂಗಸು, ಹಣೆಯ ತುಂಬ ಕುಂಕುಮ, ಲ್ಯಾಬಿನ ಹೊಸಿಲು ದಾಟಲು ಒಪ್ಪಲಿಲ್ಲ. ನಾನೇ ಪಟ್ಟಿಯನ್ನು ಗಾಜಿನ ಭರಣಿಯಲ್ಲಿಟ್ಟು ಬಾಗಿಲಿಗೆ ತಂದೆ. ರತ್ನಮ್ಮ ಊರುಗೋಲು ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಗಾಯದ ಬಾಯಿ ಒಣಗಿತ್ತು, ಕಾಲು ತುಸು ಗಿಡ್ಡವಾಗಿತ್ತು.

ಮುದುಕಮ್ಮ ಭರಣಿಯನ್ನು ಸುತ್ತಲೂ ನೋಡಿದರು. ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದರು. "ಇದೇನಾ? ಇಡ್ದುಬಿಟ್ರಾ?" ಎಂದು ಪಿಸುಗುಟ್ಟಿದರು.

ನನಗೆ ರೇಗಿತು. ಇದು ಗಾಳಿಯಲ್ಲ, ರೋಗಾಣು, ನಿಮ್ಮ ಸೊಸೆಗೆ ಏನೂ ಮೆಟ್ಟಿಕೊಂಡಿರಲಿಲ್ಲ, ತಪ್ಪು ನಮ್ಮದು ಎಂದು ದೊಡ್ಡ ಪಾಠವೇ ನಾಲಿಗೆಯ ತುದಿಯಲ್ಲಿತ್ತು. ರತ್ನಮ್ಮ ನನ್ನ ಮುಂಗೈ ಅದುಮಿದಳು. "ಹೂಂ ಅನ್ನಕ್ಕಾ" ಎಂದಳು, ನನಗೆ ಮಾತ್ರ ಕೇಳುವಷ್ಟು.

"ಹೂಂ, ಹಿಡಿದಿದ್ದೀವಿ" ಎಂದೆ.

"ಎಲ್ಲಾನೂವಾ? ಒಳಗೆ ಇನ್ನೊಂದ್ ಉಳ್ದಿಲ್ಲ ತಾನೆ?"

ಮೂಳೆಯ ಸಂದಿಯಲ್ಲಿ ಒಂದಿಷ್ಟು ಉಳಿದು, ವರ್ಷಗಟ್ಟಲೆ ಮಲಗಿದ್ದು, ಮತ್ತೆ ಏಳಬಹುದು ಎಂದು ಮೂಳೆ ಡಾಕ್ಟರು ನಮಗೆ ಹೇಳಿದ್ದರು. ಇಲ್ಲ ಎಂಬ ಪದವನ್ನು ಅವಳ ಎದುರು ಇನ್ನೊಮ್ಮೆ ಹೇಳಲು ನನ್ನಿಂದಾಗಲಿಲ್ಲ.

"ಗೊತ್ತಿಲ್ಲಮ್ಮ. ಉಳಿದಿದ್ರೂ ಉಳಿದಿರಬಹುದು. ಆದರೆ ಅದು ಇವಳದಲ್ಲ, ಆ ಕಬ್ಬಿಣದ್ದು. ಮಗುವಿಗೂ ಬರೋದಿಲ್ಲ, ನಿಮಗೂ ಬರೋದಿಲ್ಲ. ಮತ್ತೆ ಕಾಲು ನೊಂದ್ರೆ ಎಲ್ಲಿಗೂ ಹೋಗ್ಬೇಡಿ, ಸೀದಾ ನನ್ನ ಹತ್ರ ಕರ್ಕೊಂಡ್ ಬನ್ನಿ."

ಅವರು ನನ್ನ ಮುಖ ನೋಡಿದರು, ಸೊಸೆಯ ಕಾಲು ನೋಡಿದರು, ಮತ್ತೆ ಭರಣಿ ನೋಡಿದರು. ಗಂಡ ತಲೆ ತಗ್ಗಿಸಿಕೊಂಡು ನಿಂತಿದ್ದ. ಆಮೇಲೆ ಮುದುಕಮ್ಮ ಬಗ್ಗಿ ನೆಲದ ಮೇಲಿದ್ದ ರತ್ನಮ್ಮನ ಬಟ್ಟೆಯ ಚೀಲವನ್ನು ಎತ್ತಿ ತಮ್ಮ ಹೆಗಲಿಗೆ ಹಾಕಿಕೊಂಡರು.

"ನಡಿ. ಮಗು ಬೆಳಗ್ಗಿಂದ ಅವ್ವ ಅವ್ವ ಅಂತಾ ಕುಂತೈತೆ" ಎಂದರು.